ಪತ್ತನಾಜೆ ಕಳೆದ ಮೇಲೆ ತಂಡ ಕಟ್ಟಿದ್ದು

ನನ್ನ ಮೇಜಿನ ಮೇಲೆ 24 ಹೆಸರುಗಳ ಒಂದು ಪಟ್ಟಿ ಇತ್ತು. ಏಪ್ರಿಲ್ ಮೊದಲ ವಾರ. ಹಂಪನಕಟ್ಟೆಯ ನಮ್ಮ ಆಫೀಸಿನಲ್ಲಿ ವರ್ಷದ ಲೆಕ್ಕದ ಗಡಿಬಿಡಿ ಆಗಷ್ಟೇ ತಣ್ಣಗಾಗಿತ್ತು. ಸಂಜೆ ಎಲ್ಲರೂ ಹೋದ ಮೇಲೆ ಆ ಪಟ್ಟಿ ತೆಗೆದು ಕೂತೆ. ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದು ಮಾತು ಬರೆಯಬೇಕಿತ್ತು: ಇರಲಿ, ಹೋಗಲಿ, ನೋಡೋಣ. ರಾತ್ರಿ ಒಂಬತ್ತರವರೆಗೆ ಕೂತರೂ ನಾಲ್ಕು ಹೆಸರಿನ ಮುಂದೆ ಮಾತ್ರ ಬರೆಯಲು ಆಯಿತು.

ನಮ್ಮದು ಮಂಗಳೂರಿನ ಸಣ್ಣ ಫುಟ್‌ಬಾಲ್ ಕ್ಲಬ್. ಆಡುವುದು ಬೆಂಗಳೂರಿನ ಲೀಗ್‌ನಲ್ಲಿ. ಹುಡುಗರಿಗೆ ಕಾಂಟ್ರಾಕ್ಟ್ ಇದೆ, ತಿಂಗಳ ಸಂಬಳ ಇದೆ. ದೊಡ್ಡ ದುಡ್ಡೇನಲ್ಲ, ಆದರೆ ಅವರ ಮನೆ ನಡೆಯುವುದು ಅದರಿಂದಲೇ. ಆ ವರ್ಷ 18 ಪಂದ್ಯ ಆಡಿ 31 ಗೋಲು ಬಿಟ್ಟುಕೊಟ್ಟಿದ್ದೆವು. ಕೆಳಗಿನ ಡಿವಿಷನ್‌ಗೆ ಬೀಳುವುದು ಒಂದೇ ಒಂದು ಪಾಯಿಂಟ್‌ನಲ್ಲಿ ತಪ್ಪಿತ್ತು. ಕಮಿಟಿಯವರು ನನ್ನನ್ನು ಕರೆದು, ಮಳೆಗಾಲ ಮುಗಿಯುವುದರೊಳಗೆ ತಂಡ ಹೊಸದಾಗಿ ಕಟ್ಟಬೇಕು, ಯಾರು ಬೇಕು, ಯಾರು ಬೇಡ ಅಂತ ಯೋಜನೆ ಮಾಡಿಕೊಡಿ ಎಂದರು. ನಾನು ಮೊಣಕಾಲು ಕೈಕೊಡುವವರೆಗೆ ಇದೇ ಕ್ಲಬ್ಬಿಗೆ ಆಡಿದವ. ಈಗ ಕ್ಲಬ್ಬಿನ ಲೆಕ್ಕ ನೋಡಿಕೊಳ್ಳುವವನೂ ನಾನೇ. ಇಲ್ಲ ಅನ್ನಲು ಮನಸ್ಸು ಬರಲಿಲ್ಲ.

ಮೊದಲು ಕೈಗೆತ್ತಿಕೊಂಡದ್ದು ಕಾಂಟ್ರಾಕ್ಟ್ ಫೈಲು. ಆಟಗಾರ ಎಷ್ಟು ಒಳ್ಳೆಯವನು ಅನ್ನುವುದಕ್ಕಿಂತ ಮೊದಲು ಅವನು ಯಾವತ್ತಿನವರೆಗೆ ನಮ್ಮವನು ಅಂತ ಗೊತ್ತಾಗಬೇಕು. 24 ಜನರಲ್ಲಿ 11 ಜನರ ಕಾಂಟ್ರಾಕ್ಟ್ ಮೇ 31ಕ್ಕೆ ಮುಗಿಯುತ್ತಿತ್ತು. ಒಂಬತ್ತು ಜನರಿಗೆ ಇನ್ನೊಂದು ವರ್ಷ, ನಾಲ್ಕು ಜನರಿಗೆ ಎರಡು ವರ್ಷ. ಫಿಫಾ ನಿಯಮದ ಪ್ರಕಾರ ಕಾಂಟ್ರಾಕ್ಟ್‌ನ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮಾತಾಡಿ ಸಹಿ ಹಾಕಬಹುದು. ಅಂದರೆ ಆ 11 ಜನ ಡಿಸೆಂಬರ್‌ನಿಂದಲೇ ಸ್ವತಂತ್ರರು. ನಮ್ಮಲ್ಲಿ ಯಾರೂ ಆಗ ಆ ಕಡೆ ನೋಡಿರಲಿಲ್ಲ. ನಾನು ಫೈಲು ತೆರೆಯುವ ಹೊತ್ತಿಗೆ ಮೈದಾನದ ಅಂಚಿನಲ್ಲಿ ಆಡುವ ನಮ್ಮ ಒಳ್ಳೆಯ ಇಬ್ಬರು ವಿಂಗರ್‌ಗಳು ಬೇರೆ ಕಡೆ ಮಾತು ಕೊಟ್ಟಾಗಿತ್ತು. ಅವರ ತಪ್ಪಲ್ಲ. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಹೂಂ ಅಂದರು. ನಾವು ಕೇಳಲೇ ಇಲ್ಲ. ಅದು ನನಗೆ ತುಂಬಾ ಚುಚ್ಚಿತು.

ಮುಂದಿನ ಭಾನುವಾರ ಕಮಿಟಿ ಸಭೆ. ಗೋಳಿಬಜೆ, ಚಹಾ ಬಂತು. ಮಾತು ಶುರುವಾದ ಐದೇ ನಿಮಿಷಕ್ಕೆ ಎಲ್ಲರ ಬಾಯಲ್ಲೂ ಒಂದೇ ಶಬ್ದ: ಸ್ಟ್ರೈಕರ್. "ಗೋಲು ಹೊಡೆಯುವವ ಒಬ್ಬ ಬೇಕು, ಉಳಿದದ್ದು ಆಮೇಲೆ" ಎಂದರು ಹಿರಿಯರೊಬ್ಬರು. ಒಬ್ಬ ಏಜೆಂಟ್ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ದ. ಮಲಬಾರ್ ಕಡೆಯ ಸೆವೆನ್ಸ್ ಪಂದ್ಯಗಳಲ್ಲಿ ಹೆಸರು ಮಾಡಿದ ವಿದೇಶಿ ಆಟಗಾರ. ಮೂರು ನಿಮಿಷದ ವಿಡಿಯೋ, ಎಂಟು ಗೋಲು. ಫೋನು ಕೈಯಿಂದ ಕೈಗೆ ಹೋಯಿತು, ಎಲ್ಲರ ಮುಖ ಅರಳಿತು.

ನಾನೂ ನೋಡಿದೆ. ಹುಡುಗ ಗಟ್ಟಿಗ, ಸುಳ್ಳಲ್ಲ. ಆದರೆ ಮೂರು ನಿಮಿಷದ ವಿಡಿಯೋದಲ್ಲಿ ಕಾಣುವುದು ಎಂಟು ಸಲ ಚೆಂಡು ಒಳಗೆ ಹೋದದ್ದು ಮಾತ್ರ. ಉಳಿದ 87 ನಿಮಿಷ ಅವನು ಏನು ಮಾಡುತ್ತಾನೆ ಅಂತ ಅದರಲ್ಲಿ ಇಲ್ಲ. ಸೆವೆನ್ಸ್ ಮೈದಾನವೂ ಸಣ್ಣದು, ತಂಡದಲ್ಲಿ ಏಳೇ ಜನ, ಆಟದ ಹೊತ್ತೂ ಕಡಿಮೆ. ಅದು ಬೇರೆಯದೇ ಆಟ. ಅಷ್ಟಲ್ಲದೆ ಲೆಕ್ಕ. ನಮ್ಮ ವರ್ಷದ ಖರ್ಚು 100 ರೂಪಾಯಿ ಅಂದುಕೊಳ್ಳಿ. ಅವನೊಬ್ಬನಿಗೇ 28 ರೂಪಾಯಿ ಹೋಗುತ್ತಿತ್ತು. "ನನಗೆ ಎರಡು ವಾರ ಟೈಮ್ ಕೊಡಿ. ಆ 31 ಗೋಲನ್ನು ಒಂದೊಂದಾಗಿ ನೋಡಿ ಬಂದು ಹೇಳ್ತೇನೆ" ಎಂದೆ. ಒಪ್ಪಿದರು.

ನಮ್ಮ ಪಂದ್ಯಗಳನ್ನು ಹುಡುಗನೊಬ್ಬ ಗ್ಯಾಲರಿಯಿಂದ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದ. ಕೆಲವು ಕಡೆ ಯಾರದೋ ತಲೆ ಅಡ್ಡ ಬರುತ್ತದೆ, ಆದರೂ ಆಟ ಕಾಣುತ್ತದೆ. ನಾನು ಒಂದು ಕ್ರಮ ಮಾಡಿಕೊಂಡೆ. ಗೋಲು ಆದ ಕ್ಷಣದಿಂದ 20 ಸೆಕೆಂಡ್ ಹಿಂದೆ ಹೋಗುವುದು. ಚೆಂಡು ಎಲ್ಲಿತ್ತು, ಯಾರ ಕಾಲಿನಿಂದ ಹೋಯಿತು, ಆಗ ನಮ್ಮವರು ಎಲ್ಲಿ ನಿಂತಿದ್ದರು ಅಂತ ನೋಟ್‌ಬುಕ್‌ನಲ್ಲಿ ಬರೆಯುವುದು. ಯಾಕೆ 20 ಸೆಕೆಂಡ್ ಅಂದರೆ, ಗೋಲು ಆಗುವಾಗ ಕಣ್ಣಿಗೆ ಬೀಳುವುದು ಗೋಲಿ, ಅಂದರೆ ಗೋಲು ಕಾಯುವವ, ಮತ್ತು ಅವನ ಮುಂದೆ ನಿಲ್ಲುವ ಸ್ಟಾಪರ್‌ಗಳು. ಬೈಗುಳವೂ ಅವರಿಗೇ. ಆದರೆ ತಪ್ಪು ಅದಕ್ಕಿಂತ ಎಷ್ಟೋ ಮೊದಲೇ ಆಗಿರುತ್ತದೆ.

ಹತ್ತನೇ ಗೋಲಿನ ಹೊತ್ತಿಗೆ ಒಂದು ಚಿತ್ರ ಮೂಡತೊಡಗಿತು. ಇಪ್ಪತ್ತನೆಯದಕ್ಕೆ ಅದು ಖಚಿತವಾಯಿತು. 31ರಲ್ಲಿ 19 ಗೋಲು ಶುರುವಾದದ್ದು ಮೈದಾನದ ನಡುವೆ ನಾವು ಚೆಂಡು ಕಳೆದುಕೊಂಡಾಗ. ಚೆಂಡು ಹೋದ ತಕ್ಷಣ ನಮ್ಮ ಮಿಡ್‌ಫೀಲ್ಡ್‌ನ ಮೂವರೂ ಎದುರಾಳಿಯ ಬೆನ್ನ ಹಿಂದೆ ಸಿಕ್ಕಿಬೀಳುತ್ತಿದ್ದರು. ಇಬ್ಬರು ಸ್ಟಾಪರ್‌ಗಳು ನಾಲ್ಕು ಜನರನ್ನು ಎದುರಿಸಿ ಹಿಂದೆ ಹಿಂದೆ ಓಡುತ್ತಿದ್ದರು. ಇಡೀ ವರ್ಷ ನಾವು ಆ ಇಬ್ಬರನ್ನು ಬೈದಿದ್ದೆವು. ನಾನೂ ಬೈದಿದ್ದೆ. ಆ ರಾತ್ರಿ ವಿಡಿಯೋ ನೋಡುತ್ತಾ ಅವರ ಮೇಲೆ ಮರುಕ ಬಂತು.

ಇನ್ನೊಂದು ವಿಷಯವೂ ಸಿಕ್ಕಿತು. 31ರಲ್ಲಿ 14 ಗೋಲು ಆದದ್ದು 70ನೇ ನಿಮಿಷದ ನಂತರ. ಹುಡುಗರಿಗೆ ದಮ್ಮು ಸಾಲದು, ಓಟ ಜಾಸ್ತಿ ಮಾಡಿಸಬೇಕು ಅಂತ ಮೊದಲು ಅನ್ನಿಸಿತು. ಆದರೆ ಕೆಲವು ಪಂದ್ಯಗಳಲ್ಲಿ ಅವರೇ ಕೊನೆಯ ನಿಮಿಷದವರೆಗೂ ಚೆನ್ನಾಗಿ ಓಡಿದ್ದರು. ಅದು ತಲೆ ಕೊರೆಯಿತು. ಎರಡು ದಿನ ಬಿಟ್ಟು ಆಫೀಸಿನಲ್ಲಿ ಕ್ಲಬ್ಬಿನ ಬಸ್ ಬಿಲ್ಲುಗಳನ್ನು ಫೈಲಿಗೆ ಹಾಕುತ್ತಿದ್ದೆ. ತಾರೀಖು ನೋಡಿದೆ. ಥಟ್ಟನೆ ಹೊಳೆಯಿತು. ಬಿಲ್ಲುಗಳನ್ನೂ ಪಂದ್ಯಗಳನ್ನೂ ಅಕ್ಕಪಕ್ಕ ಇಟ್ಟೆ. 18 ಪಂದ್ಯಗಳಲ್ಲಿ 10ಕ್ಕೆ ಹುಡುಗರು ಹಿಂದಿನ ರಾತ್ರಿ ಬಸ್ಸು ಹತ್ತಿ ಅದೇ ದಿನ ಬೆಳಗ್ಗೆ ಬೆಂಗಳೂರಿಗೆ ಇಳಿದು ಆಡಿದ್ದರು. ಕೊನೆಯ 20 ನಿಮಿಷದ 14 ಗೋಲುಗಳಲ್ಲಿ 11 ಆ ಹತ್ತು ಪಂದ್ಯಗಳದ್ದು.

ಮಂಗಳೂರು ಬೆಂಗಳೂರು ಅಂದರೆ 350 ಕಿಲೋಮೀಟರ್. ನಡುವೆ ಶಿರಾಡಿ ಘಾಟಿ. ಆ ತಿರುವುಗಳಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ, ಆರಡಿ ಎತ್ತರದ ಹುಡುಗ ಸೀಟಿನಲ್ಲಿ ಕಾಲು ಮಡಚಿ ಕೂತರಂತೂ ಬರುವುದೇ ಇಲ್ಲ. ಬೆಳಗ್ಗೆ ಆರಕ್ಕೆ ಇಳಿದು, ಎಲ್ಲೋ ಮುಖ ತೊಳೆದು, ಇಡ್ಲಿ ತಿಂದು, ಮಧ್ಯಾಹ್ನ ಮೈದಾನಕ್ಕೆ. ಒಂದು ರಾತ್ರಿಯ ಲಾಡ್ಜ್ ಖರ್ಚು ಉಳಿಸಲು ನಾವು ಹೀಗೆ ಮಾಡಿದ್ದು. ಆ ಉಳಿತಾಯವನ್ನು ಲೆಕ್ಕದಲ್ಲಿ ತೋರಿಸಿ ಕಮಿಟಿಯ ಒಪ್ಪಿಗೆ ಪಡೆದವನು ನಾನೇ. ಆಗ ಅದು ಸರಿ ಕಂಡಿತ್ತು. ಒಂದು ಕಾಲಂನಲ್ಲಿ ಉಳಿದ ದುಡ್ಡು ಇನ್ನೊಂದು ಕಾಲಂನಲ್ಲಿ ಪಾಯಿಂಟ್ ಆಗಿ ಹೋಗಿತ್ತು. ಅದನ್ನು ಕಮಿಟಿ ಮುಂದೆ ನಾನೇ ಹೇಳಿದೆ.

ಅಷ್ಟರಲ್ಲಿ ಮೇ ತಿಂಗಳು ಬಂತು. ಮೂಡುಬಿದಿರೆ ಕಡೆ ನನ್ನ ದೊಡ್ಡ ಮಾವ ಇದ್ದಾರೆ. ಒಂದು ಕಾಲದಲ್ಲಿ ಡೇರೆ ಹಾಕಿ ಆಟ ಆಡುವ ಯಕ್ಷಗಾನ ಮೇಳದ ಮ್ಯಾನೇಜರ್ ಆಗಿದ್ದವರು. ಈಗ ವಯಸ್ಸಾಗಿದೆ, ಆದರೂ ಚೆಂಡೆ ಸದ್ದು ಕೇಳಿದರೆ ಎದ್ದು ಕೂರುತ್ತಾರೆ. ಪತ್ತನಾಜೆಯ ದಿನ ಅವರ ಮನೆಗೆ ಹೋಗಿದ್ದೆ. ಪತ್ತನಾಜೆ ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನ, ಮೇ 24ರ ಆಸುಪಾಸು ಬರುತ್ತದೆ. ಅಂದಿಗೆ ಕೋಲ, ನೇಮ ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದಿನ ತಿರುಗಾಟ ದೀಪಾವಳಿ ಕಳೆದ ಮೇಲೆ. ನಡುವಿನ ಮಳೆಗಾಲದಲ್ಲಿ ಯಾವ ಕಲಾವಿದ ಯಾವ ಮೇಳಕ್ಕೆ ಹೋದ, ಯಾರು ಉಳಿದರು ಅನ್ನುವುದೇ ಊರಿನ ಮಾತು. ಯೋಚಿಸಿ ನೋಡಿದರೆ ಅದು ಆಟಗಾರರು ಕ್ಲಬ್ ಬದಲಿಸುವ ನಮ್ಮ ಟ್ರಾನ್ಸ್‌ಫರ್ ವಿಂಡೋವೇ ಅಲ್ವಾ!

ಮಾವನಿಗೆ ನನ್ನ ನೋಟ್‌ಬುಕ್ ತೋರಿಸಿದೆ. ಅವರಿಗೆ ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಆದರೆ ತಂಡ ಕಟ್ಟುವುದು ಗೊತ್ತು. ಎಲ್ಲ ಕೇಳಿ ಕೇಳಿದರು: "ನಿಮ್ಮಲ್ಲಿ ಭಾಗವತರು ಯಾರು?"

ಯಕ್ಷಗಾನದಲ್ಲಿ ಹಾಡುತ್ತಾ ಇಡೀ ಆಟ ನಡೆಸುವವರು ಭಾಗವತರು. ನಮ್ಮಲ್ಲಿ ಅದು ಯಾರು ಅಂತ ನನಗೆ ತಕ್ಷಣ ಅರ್ಥವಾಗಲಿಲ್ಲ.

"ನೋಡು ಮಾರಾಯ, ಜನ ಮೇಳಕ್ಕೆ ಬರುವುದು ವೇಷ ನೋಡ್ಲಿಕ್ಕೆ. ಪುಂಡುವೇಷದವ ಹಾರಿದ್ರೆ ಚಪ್ಪಾಳೆ. ಬಣ್ಣದ ವೇಷ ಬಂದ್ರೆ ಮಕ್ಕಳಿಗೆ ಹೆದರಿಕೆ. ಆದ್ರೆ ನಾನು ಮೇಳ ಕಟ್ಟುವಾಗ ಮೊದಲು ಹೋಗ್ತಿದ್ದದ್ದು ಭಾಗವತರ ಮನೆಗೆ. ಆಮೇಲೆ ಚೆಂಡೆ, ಮದ್ದಳೆ. ಹಿಮ್ಮೇಳ ಗಟ್ಟಿ ಇದ್ರೆ ಸಾಧಾರಣ ವೇಷಧಾರಿಯೂ ಬೆಳಗಿನವರೆಗೆ ಕುಣೀತಾನೆ. ಹಿಮ್ಮೇಳ ಸಡಿಲ ಆದ್ರೆ ಎಷ್ಟು ದೊಡ್ಡ ವೇಷ ಆದ್ರೂ ಎರಡು ಗಂಟೆಗೆ ಸೋತು ಹೋಗ್ತದೆ."

ಎರಡು ಗಂಟೆಗೆ ಸೋತು ಹೋಗುವುದು. ನಮ್ಮ 70ನೇ ನಿಮಿಷ.

ಇನ್ನೂ ಒಂದು ಮಾತು ಕೇಳಿದರು. "ಮಳೆಗಾಲದಲ್ಲಿ ನಿಮ್ಮ ಹುಡುಗರು ಹೊಟ್ಟೆಗೆ ಎಂತ ಮಾಡ್ತಾರೆ?" ನಮ್ಮ ಕಾಂಟ್ರಾಕ್ಟ್‌ನಲ್ಲಿ ಸಂಬಳ ಎಂಟು ತಿಂಗಳಿಗೆ ಮಾತ್ರ ಎಂದೆ. "ಹಾಗಾದ್ರೆ ಅವರು ಚಿಕ್ಕಮೇಳಕ್ಕೆ ಹೋಗದೆ ಇನ್ನೆಂತ ಮಾಡ್ತಾರೆ?" ಎಂದರು. ಚಿಕ್ಕಮೇಳ ಅಂದರೆ ಮಳೆಗಾಲದಲ್ಲಿ ನಾಲ್ಕೈದು ಕಲಾವಿದರು ಸೇರಿ ಸಂಜೆ ಮನೆ ಮನೆಗೆ ಹೋಗಿ ಸಣ್ಣ ಆಟ ತೋರಿಸುವುದು. ನಮ್ಮ ಹುಡುಗರ ಚಿಕ್ಕಮೇಳ ಅಂದರೆ ಸೆವೆನ್ಸ್. ಲೀಗ್ ಮುಗಿದ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಕಾಸರಗೋಡು, ಮಲಪ್ಪುರಂ ಅಂತ ಓಡುತ್ತಾರೆ. ಒಂದು ಪಂದ್ಯಕ್ಕೆ ಇಷ್ಟು ಅಂತ ಕೈಗೆ ನಗದು ಸಿಗುತ್ತದೆ. ಗಟ್ಟಿ ನೆಲ, ಗಟ್ಟಿ ಟ್ಯಾಕ್ಲಿಂಗ್. ಕಳೆದ ವರ್ಷ ಒಬ್ಬ ಹುಡುಗನ ಪಾದ ಮುರಿದು ನಮ್ಮ ಅರ್ಧ ಸೀಸನ್ ಹೋಯಿತು. ಆಗ ನಾವು ಸೆವೆನ್ಸ್‌ಗೆ ಹೋಗಬಾರದು ಅಂತ ನೋಟಿಸ್ ಹಾಕಿದೆವು. ಸಂಬಳ ಕೊಡದೆ ಹೋಗಬೇಡ ಅನ್ನಲು ನಮಗೆ ಯಾವ ಹಕ್ಕಿತ್ತು?

ಮೂಡುಬಿದಿರೆಯಿಂದ ಬಸ್ಸಿನಲ್ಲಿ ವಾಪಸ್ ಬರುವಾಗ ಮನಸ್ಸಿನಲ್ಲಿ ಯೋಜನೆ ಕೂತುಬಿಟ್ಟಿತ್ತು. ಮಾವ ಹೇಳಿದ್ದಕ್ಕೆ ಫುಟ್‌ಬಾಲ್ ಚರಿತ್ರೆಯಲ್ಲೇ ಸಾಕ್ಷಿ ಇದೆ. 2003ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಡೇವಿಡ್ ಬೆಕ್ಹಾಮ್‌ನನ್ನು ತಂದಿತು. ಅದೇ ಬೇಸಿಗೆಯಲ್ಲಿ ಡಿಫೆನ್ಸ್ ಮುಂದೆ ನಿಂತು ಚೆಂಡು ಕಸಿಯುತ್ತಿದ್ದ ಕ್ಲಾಡ್ ಮಕೆಲೆಲೆಯನ್ನು ಚೆಲ್ಸಿಗೆ ಬಿಟ್ಟುಕೊಟ್ಟಿತು. ಮ್ಯಾಡ್ರಿಡ್ ಆಗಷ್ಟೇ ಸ್ಪೇನಿನ ಲೀಗ್ ಗೆದ್ದಿದ್ದ ತಂಡ. ಮುಂದಿನ ಲೀಗ್ ಗೆಲ್ಲಲು 2007ರವರೆಗೆ ಕಾಯಬೇಕಾಯಿತು. ಇನ್ನೊಂದು, ಲೆಸ್ಟರ್ ಸಿಟಿ. 2015ರಲ್ಲಿ ಫ್ರಾನ್ಸಿನ ಕಾನ್ ಎಂಬ ಸಣ್ಣ ಕ್ಲಬ್‌ನಿಂದ ಎನ್‌ಗೊಲೊ ಕಾಂಟೆಯನ್ನು ತಂದರು. 2016ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆದರು. ಕಾಂಟೆ ಚೆಲ್ಸಿಗೆ ಹೋದ. ಮುಂದಿನ ವರ್ಷ ಚೆಲ್ಸಿ ಚಾಂಪಿಯನ್, ಲೆಸ್ಟರ್ 12ನೇ ಸ್ಥಾನ. ಒಬ್ಬನಿಂದಲೇ ಎಲ್ಲ ಆಯಿತು ಅನ್ನುವುದಿಲ್ಲ. ಆದರೆ ಎಷ್ಟೋ ಆಯಿತು.

ನಮ್ಮ ರಾಜ್ಯದ್ದೇ ನೋಡಿ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಪ್ರಯತ್ನದಲ್ಲೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ ಲೀಗ್ ಗೆದ್ದಿತು. ಸುನಿಲ್ ಛೇತ್ರಿಯ ಗೋಲುಗಳು ಎಲ್ಲರಿಗೂ ನೆನಪಿವೆ. ಆದರೆ ವಿದೇಶಿ ಆಟಗಾರರ ಜಾಗ ಕೆಲವೇ ಇರುವಾಗ ಅವರು ಎರಡನ್ನು ಡಿಫೆನ್ಸ್‌ಗೇ ಕೊಟ್ಟರು, ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ. ಅದು ನನಗೆ ಬಹಳ ದೊಡ್ಡ ನಿರ್ಧಾರವಾಗಿ ಕಾಣುತ್ತದೆ.

ಕಮಿಟಿ ಮುಂದೆ ಯೋಜನೆ ಇಟ್ಟೆ. ವಿದೇಶಿ ಸ್ಟ್ರೈಕರ್ ಬೇಡ. ಆ 28 ರೂಪಾಯಿಯಲ್ಲಿ 11 ರೂಪಾಯಿ ಡಿಫೆನ್ಸ್ ಮುಂದೆ ನಿಲ್ಲುವ ಅನುಭವಿ ಮಿಡ್‌ಫೀಲ್ಡರ್‌ಗೆ. 6 ರೂಪಾಯಿ ಪಂದ್ಯದ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಉಳಿಯಲು. 5 ರೂಪಾಯಿ ಫಿಸಿಯೋಗೆ. ಉಳಿದ 6 ರೂಪಾಯಿಯಲ್ಲಿ ಉಳಿಸಿಕೊಳ್ಳುವ ಹುಡುಗರಿಗೆ ಬಿಡುವಿನ ನಾಲ್ಕು ತಿಂಗಳೂ ಒಂದಿಷ್ಟು ಸಂಬಳ. ಗೋಲು ಹೊಡೆಯುವ ಜಾಗದಲ್ಲಿ ಈಗಿರುವ ಇಬ್ಬರು ಹುಡುಗರೇ ಆಡಲಿ. ಎರಡು ಗಂಟೆ ವಾದ ನಡೆಯಿತು. "ಲಾಡ್ಜಿಗೆ ದುಡ್ಡು, ಸ್ಟ್ರೈಕರ್‌ಗೆ ಇಲ್ಲ ಅಂದ್ರೆ ಜನ ಎಂತ ಹೇಳ್ತಾರೆ?" ಎಂದು ಒಬ್ಬರು ಕೇಳಿದರು. ನಾನು ಬಸ್ ಬಿಲ್ಲುಗಳನ್ನೂ ಗೋಲುಗಳ ಪಟ್ಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಕೋಚ್ ಅಷ್ಟು ಹೊತ್ತು ಸುಮ್ನೆ ಕೂತಿದ್ದರು. ಎದ್ದು ಆ ಪಟ್ಟಿ ಓದಿ, "ಇದನ್ನು ನಾನು ಡಿಸೆಂಬರ್‌ನಲ್ಲೇ ನೋಡಬೇಕಿತ್ತು" ಎಂದರು. ಅಲ್ಲಿಗೆ ವಾದ ಮುಗಿಯಿತು.

ಇನ್ನು ಕಷ್ಟದ ಕೆಲಸ. ಹೋಗಲಿ ಅಂತ ಬರೆದ ಹೆಸರುಗಳು ಏಳು.

ಅದರಲ್ಲಿ ಒಂದು ನಮ್ಮ ಕ್ಯಾಪ್ಟನ್‌ನದು. ವಯಸ್ಸು 35. ಹತ್ತು ವರ್ಷ ನಮ್ಮ ಸ್ಟಾಪರ್. ಆ 31 ಗೋಲುಗಳಲ್ಲಿ ಅವನ ತಪ್ಪು ಎರಡೋ ಮೂರೋ. ಆದರೆ ಹೊಸ ಯೋಜನೆಯಲ್ಲಿ ಡಿಫೆನ್ಸ್ ಮೈದಾನದ ನಡುಗೆರೆಯ ಹತ್ತಿರದವರೆಗೆ ಏರಿ ನಿಲ್ಲಬೇಕು. ಬೆನ್ನ ಹಿಂದೆ ಚೆಂಡು ಬಂದರೆ ತಿರುಗಿ ಓಡಬೇಕು. ಅವನ ಕಾಲಿಗೆ ಈಗ ಆ ಓಟ ಇಲ್ಲ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಇದು. ಒಂದು ಸಂಜೆ ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಅವನ ಮನೆಗೆ ಹೋದೆ. ಜೋರು ಮಳೆ. ಜಗಲಿಯಲ್ಲಿ ಕೂತೆವು. ಅವನ ಹೆಂಡತಿ ಚಹಾ ಇಟ್ಟು ಒಳಗೆ ಹೋದರು. ಯಾಕೆ ಬಂದೆ ಅಂತ ಅವನಿಗೆ ನನ್ನ ಮುಖ ನೋಡಿಯೇ ಗೊತ್ತಾಗಿತ್ತು.

"ಅಣ್ಣ, ನೇರ ಹೇಳಿ. ನನ್ನ ಆಟ ಮುಗೀತಾ?"

"ನಮ್ಮ ತಂಡದಲ್ಲಿ ಮುಗೀತು. ನಾವು ಆಡುವ ರೀತಿ ಬದಲಾಗ್ತಿದೆ. ನಿನ್ನನ್ನು ಬೆಂಚಿನಲ್ಲಿ ಕೂರಿಸಿ ವರ್ಷ ಕಳೆಯೋದು ನನಗೆ ಇಷ್ಟ ಇಲ್ಲ."

ತುಂಬಾ ಹೊತ್ತು ಅವನು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಹಂಚಿನಿಂದ ನೀರು ಬೀಳುತ್ತಾ ಇತ್ತು. ಆಮೇಲೆ ಕೇಳಿದ: "ಗೋಲುಗಳ ಬಗ್ಗೆ ಎಂತ ಗೊತ್ತಾಯ್ತು?" ನೋಟ್‌ಬುಕ್ ಬ್ಯಾಗಿನಲ್ಲೇ ಇತ್ತು. ಒಂದೊಂದೇ ತೋರಿಸಿದೆ. ಅವನು ಪುಟ ತಿರುಗಿಸುತ್ತಾ ಹೋದ. ಹದಿನಾರನೇ ಗೋಲಿನ ಹತ್ತಿರ ಬೆರಳಿಟ್ಟು, "ಇದು ನಂದೇ ತಪ್ಪು. ನೀವು ಮಿಡ್‌ಫೀಲ್ಡ್ ಅಂತ ಬರೆದಿದ್ದೀರಿ" ಎಂದ. ಅವನನ್ನು ತಂಡದಿಂದ ಕಳಿಸಲು ನಾನು ಬಂದಿರುವಾಗ ಅವನು ನನ್ನ ಲೆಕ್ಕ ತಿದ್ದುತ್ತಿದ್ದ. ನನಗೆ ಗಂಟಲು ಕಟ್ಟಿತು.

ಅವನಿಗೆ ಕ್ಲಬ್ಬಿನ ಚಿಕ್ಕ ಹುಡುಗರ ತಂಡ ನೋಡಿಕೊಳ್ಳುವ ಕೆಲಸ ಕೊಡಬೇಕು, ಕೋಚಿಂಗ್‌ನ ಡಿ ಲೈಸೆನ್ಸ್ ಕೋರ್ಸಿಗೆ ಕ್ಲಬ್ಬೇ ದುಡ್ಡು ಕಟ್ಟಬೇಕು ಅಂತ ನಾನು ಮೊದಲೇ ಕಮಿಟಿಯಿಂದ ಒಪ್ಪಿಗೆ ತಂದಿದ್ದೆ. ಅವನು ಅಂದು ಉತ್ತರ ಕೊಡಲಿಲ್ಲ. ಮೂರು ವಾರ ಬಿಟ್ಟು ಒಪ್ಪಿದ.

ಎಲ್ಲರ ವಿಷಯದಲ್ಲಿ ಹೀಗೆ ಮಾಡಲು ಆಗಲಿಲ್ಲ. ಎರಡನೇ ಗೋಲಿಯಾಗಿದ್ದ 21 ವರ್ಷದ ಹುಡುಗನಿಗೆ ನಾನು ಹೋಗಿ ಹೇಳುವ ಮೊದಲೇ ಪಟ್ಟಿ ಯಾರ ಮೂಲಕವೋ ವಾಟ್ಸಾಪ್‌ಗೆ ಹೋಗಿತ್ತು. ಅವನು ಅದನ್ನು ಕೆಲಸದ ಜಾಗದಲ್ಲಿ, ಗೆಳೆಯನ ಫೋನಿನಲ್ಲಿ ನೋಡಿದ. ನಾನು ಅವನ ಮನೆಗೆ ಹೋದಾಗ ಅವನು ಹೊರಗೆ ಬರಲಿಲ್ಲ. ಅವನ ಅಪ್ಪ ಬಾಗಿಲಲ್ಲೇ ನಿಂತು ಮಾತಾಡಿಸಿ ಕಳಿಸಿದರು. ಆ ಬೇಸಿಗೆಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇದೊಂದು ಮತ್ತೆ ಮಾಡಲು ಸಿಕ್ಕಿದ್ದರೆ ಅನ್ನಿಸುತ್ತದೆ. ಆ ದಿನದಿಂದ ಪಟ್ಟಿಯನ್ನು ಫೋನಿನಲ್ಲಿ ಇಡುವುದು ಬಿಟ್ಟೆ. ಕಾಗದದಲ್ಲಿ ಮಾತ್ರ.

ಜೂನ್‌ನಲ್ಲಿ ಆಟಗಾರರ ಹುಡುಕಾಟ. ಮಿಡ್‌ಫೀಲ್ಡರ್ ಹುಡುಕುವಾಗ ನಾನು ಮತ್ತು ಕೋಚ್ ಒಂದು ಒಪ್ಪಂದ ಮಾಡಿಕೊಂಡೆವು. ಚೆಂಡು ಅವನ ಹತ್ತಿರ ಇಲ್ಲದಾಗ ಮಾತ್ರ ಅವನನ್ನು ನೋಡುವುದು. ತಲೆ ಎಷ್ಟು ಸಲ ತಿರುಗಿಸಿ ಹಿಂದೆ ಮುಂದೆ ನೋಡುತ್ತಾನೆ? ಪಕ್ಕದವನು ಮುಂದೆ ಓಡಿದರೆ ಅವನ ಜಾಗಕ್ಕೆ ಇವನು ಹೋಗುತ್ತಾನಾ? ಚೆಂಡು ಕಳೆದ ಮೇಲೆ ಮೊದಲ ಐದು ಸೆಕೆಂಡ್ ಏನು ಮಾಡುತ್ತಾನೆ? ಹೀಗೆ ನೋಡತೊಡಗಿದ ಮೇಲೆ ಬೇರೆಯದೇ ಆಟಗಾರರು ಕಣ್ಣಿಗೆ ಬಿದ್ದರು. ಬೆಂಗಳೂರಿನ ಒಬ್ಬ 29 ವರ್ಷದ ಆಟಗಾರ ಸಿಕ್ಕಿದ. ಐದು ವರ್ಷದಲ್ಲಿ ಎರಡೇ ಗೋಲು ಹೊಡೆದವ. ಅವನ ಹಳೆಯ ಕ್ಲಬ್ ಕಾಂಟ್ರಾಕ್ಟ್ ಮುಂದುವರಿಸಿರಲಿಲ್ಲ. ಅವನ ಮೂರು ಪೂರ್ತಿ ಪಂದ್ಯ ನೋಡಿದೆವು. ಎರಡನೇ ಪಂದ್ಯದ ಅರ್ಧಕ್ಕೇ ಕೋಚ್ ನನ್ನ ಕಡೆ ತಿರುಗಿ, "ಭಾಗವತರು ಸಿಕ್ಕಿದ್ರು" ಎಂದರು. ಮಾವನ ಮಾತನ್ನು ಅವರಿಗೆ ಹೇಳಿದ್ದೆ.

ಇನ್ನೊಬ್ಬ ಸಿಕ್ಕಿದ್ದು ನೆಹರೂ ಮೈದಾನದಲ್ಲಿ. ಧಾರಾಕಾರ ಮಳೆ. ಮೈದಾನ ಪೂರ್ತಿ ಕೆಸರು, ಚೆಂಡು ನೀರಲ್ಲಿ ನಿಂತುಬಿಡುತ್ತಿತ್ತು. ಸ್ಟೇಟ್‌ಬ್ಯಾಂಕ್ ಬಸ್ಸಿಗೆ ಹೋಗುವವರು ಕೊಡೆ ಹಿಡಿದು ಎರಡು ನಿಮಿಷ ನಿಂತು ನೋಡಿ ಮುಂದೆ ಹೋಗುತ್ತಿದ್ದರು. ಕಾಲೇಜು ಹುಡುಗರ ಆಟ. ಎಲ್ಲರೂ ಚೆಂಡಿನ ಹಿಂದೆ ಓಡುವಾಗ ಒಬ್ಬ ಮಾತ್ರ ಚೆಂಡು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮೊದಲೇ ಹೋಗಿ ನಿಲ್ಲುತ್ತಿದ್ದ. ಯಾವ ಗುಂಡಿಯಲ್ಲಿ ನೀರು ಜಾಸ್ತಿ ಅಂತ ಅವನು ಆಟ ಶುರುವಾಗುವ ಮೊದಲೇ ನಡೆದು ನೋಡಿಕೊಂಡಿದ್ದನಂತೆ. ವಯಸ್ಸು 17.

ಅವನ ಮನೆ ಬಂದರ್ ಕಡೆ. ತಾಯಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಇವನ ಪಿಯುಸಿ ಎಂತ ಆಗ್ತದೆ ಸರ್?" ಒಳ್ಳೆಯ ಪ್ರಶ್ನೆ. 18 ತುಂಬದ ಹುಡುಗನಿಗೆ ಮೂರು ವರ್ಷಕ್ಕಿಂತ ಉದ್ದದ ಕಾಂಟ್ರಾಕ್ಟ್ ಮಾಡುವಂತಿಲ್ಲ, ಅದು ಫಿಫಾ ನಿಯಮ. ದೊಡ್ಡವರಿಗಾದರೆ ಐದು ವರ್ಷದವರೆಗೆ ಆಗುತ್ತದೆ. "ಅಕ್ಕ, ಎರಡು ವರ್ಷ ಸಾಕು. ಪರೀಕ್ಷೆ ಇರುವ ತಿಂಗಳು ಅವನನ್ನು ಬೆಂಗಳೂರಿಗೆ ಕರೆಯೋದಿಲ್ಲ. ಅದನ್ನು ಕಾಗದದಲ್ಲೇ ಬರೆದುಕೊಡ್ತೇನೆ" ಎಂದೆ. ಅವರು ಆ ಸಾಲು ಕಾಗದದಲ್ಲಿ ಇದೆಯಾ ಅಂತ ಎರಡು ಸಲ ಓದಿ ಸಹಿ ಹಾಕಿದರು.

ರಿಜಿಸ್ಟ್ರೇಷನ್ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗ ಎಲ್ಲವೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗುತ್ತದೆ. ಬೇಸಿಗೆಯ ವಿಂಡೋ ಸಾಮಾನ್ಯವಾಗಿ ಜೂನ್‌ನಲ್ಲಿ ತೆರೆದು ಆಗಸ್ಟ್ ಕೊನೆಗೆ ಮುಚ್ಚುತ್ತದೆ. ಕೊನೆಯ ವಾರಕ್ಕೆ ಬಿಡಬೇಡಿ ಅಂತ ಮಾತ್ರ ಹೇಳುತ್ತೇನೆ. ನಮ್ಮ ಇಬ್ಬರು ಹುಡುಗರ ಹೆಸರು ಆಧಾರ್‌ನಲ್ಲಿ ಒಂದು ಥರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಥರ ಇತ್ತು. ಇನಿಶಿಯಲ್ ಮುಂದೆ, ಹಿಂದೆ. ಅದನ್ನು ಸರಿಪಡಿಸಲು ಹಿಡಿದದ್ದು 19 ದಿನ.

ಜುಲೈ ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳು ಆಟಿಗೆ ಅಭ್ಯಾಸ ಶುರು. ಆಟಿ ಅಮಾವಾಸ್ಯೆಯ ಬೆಳಗ್ಗೆ ಕೋಚ್ ಎಲ್ಲ ಹುಡುಗರಿಗೂ ಪಾಲೆ ಮರದ ಕಷಾಯ ಕುಡಿಸಿದರು. ಬೆಂಗಳೂರಿನಿಂದ ಬಂದ ಮಿಡ್‌ಫೀಲ್ಡರ್ ಮುಖ ಕಿವುಚಿಕೊಂಡು ಕುಡಿದ. ಆಮೇಲೆ ಮೆಂತೆ ಗಂಜಿ.

ಫಿಸಿಯೋ ಬಂದು ಮೊದಲು ನೋಡಿದ್ದು ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಫುಟ್‌ಬಾಲ್‌ನಲ್ಲಿ ಹೆಚ್ಚು ಸಲ ಕೈಕೊಡುವ ಸ್ನಾಯು ಅದು. ಮಂಡಿಯೂರಿ ಕೂತು, ಹಿಂದಿನಿಂದ ಒಬ್ಬ ಕಾಲು ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ವ್ಯಾಯಾಮ ಇದೆ. ಅದನ್ನು ತಪ್ಪದೆ ಮಾಡಿದರೆ ಈ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾಗುತ್ತವೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿದೆ. ಸಾಮಾನು ಬೇಡ, ದುಡ್ಡು ಬೇಡ. ವಾರಕ್ಕೆ ಎರಡು ಸಲ ಮಾಡಿಸಿದರು. ಇನ್ನೊಂದು, ನೆಲದ ಸಮಸ್ಯೆ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೃತಕ ಹುಲ್ಲು. ನಮ್ಮ ಹುಡುಗರು ಕೆಸರಲ್ಲಿ ಆಡಿ ಬೆಳೆದವರು, ಬೂಟಿನ ಮುಳ್ಳು ಉದ್ದ. ಆ ಹುಲ್ಲಿನಲ್ಲಿ ಉದ್ದ ಮುಳ್ಳು ಸಿಕ್ಕಿಕೊಂಡರೆ ಮೊಣಕಾಲು ತಿರುಚುತ್ತದೆ. ನನ್ನ ಮೊಣಕಾಲು ಹೋದದ್ದೂ ಹಾಗೆಯೇ. ಎಲ್ಲರಿಗೂ ಗಿಡ್ಡ ಮುಳ್ಳಿನ ಬೂಟು ತರಿಸಿದೆವು. ಆಗಸ್ಟ್ ಕೊನೆಯ ಎರಡು ವಾರ ತಂಡವನ್ನು ಬೆಂಗಳೂರಿನಲ್ಲೇ ಇಟ್ಟೆವು. ಮಳೆಗಾಲದಲ್ಲಿ ಘಾಟಿಯನ್ನು ನಂಬುವ ಹಾಗಿಲ್ಲ. 2024ರ ಜುಲೈ ಕೊನೆಗೆ ಎಡಕುಮೇರಿ ಹತ್ತಿರ ಗುಡ್ಡ ಕುಸಿದು ರೈಲೇ ನಿಂತುಹೋಗಿದ್ದು ನಮಗೆಲ್ಲ ನೆನಪಿತ್ತು.

ಮೊದಲ ಪಂದ್ಯಕ್ಕೆ ನಾನೂ ಹೋಗಿದ್ದೆ. ಹಿಂದಿನ ಸಂಜೆಯೇ ತಲುಪಿ ಹುಡುಗರು ಹತ್ತು ಗಂಟೆಗೆ ಮಲಗಿದ್ದರು. 1-1 ಆಗಿತ್ತು. 70ನೇ ನಿಮಿಷ ಆದ ಮೇಲೆ ನಾನು ಆಟ ಬಿಟ್ಟು ನಮ್ಮ 29ರ ಹುಡುಗನನ್ನು ಮಾತ್ರ ನೋಡುತ್ತಿದ್ದೆ. ಅವನು ಕೂಗುತ್ತಿದ್ದ, ಕೈ ತೋರಿಸುತ್ತಿದ್ದ, ಪಕ್ಕದ 17ರ ಹುಡುಗನನ್ನು ಎರಡು ಹೆಜ್ಜೆ ಹಿಂದೆ ಕರೆಯುತ್ತಿದ್ದ. 83ನೇ ನಿಮಿಷದಲ್ಲಿ ನಡುವೆ ಚೆಂಡು ಹೋಯಿತು. ಹಳೆಯ ನಮೂನೆಯದೇ. ಈ ಸಲ ಅದರ ದಾರಿಯಲ್ಲಿ ಒಬ್ಬ ನಿಂತಿದ್ದ. ಪಂದ್ಯ 1-1ಕ್ಕೇ ಮುಗಿಯಿತು. ಗ್ಯಾಲರಿಯಲ್ಲಿ ನನ್ನ ಪಕ್ಕ ಹಳೆಯ ಕ್ಯಾಪ್ಟನ್ ಕೂತಿದ್ದ, ಜೊತೆಗೆ ಅವನು ನೋಡಿಕೊಳ್ಳುವ ಆರು ಚಿಕ್ಕ ಹುಡುಗರು. ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡು ನಾವು ಬಿಟ್ಟ ಆ ಒಂದು ಗೋಲನ್ನು ಅವನೇ ಬರೆದ.

ಅದೇ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಈಗ ಐದು ಹೆಸರುಗಳಿವೆ. ಮುಂದಿನ ಮೇ 31ಕ್ಕೆ ಕಾಂಟ್ರಾಕ್ಟ್ ಮುಗಿಯುವವರು. ಡಿಸೆಂಬರ್ 1ಕ್ಕೆ ಮೊದಲು ಐವರ ಮನೆಗೂ ಹೋಗಬೇಕು. ಇಬ್ಬರ ಮನೆಗೆ ಹೋಗಿ ಬಂದೆ.